ದೈತ್ಯ ತಳಿಯ ನಾಯಿಗಳ ಉಷ್ಣ ಮತ್ತು ಶೀತ ನಿರ್ವಹಣೆ

ದೈತ್ಯ ತಳಿಯ ನಾಯಿಗಳ ಉಷ್ಣ ಮತ್ತು ಶೀತ ನಿರ್ವಹಣೆ ಎಂದರೆ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ನ್ಯೂಫೌಂಡ್‌ಲ್ಯಾಂಡ್, ಮ್ಯಾಸ್ಟಿಫ್ ಮುಂತಾದ ಅತಿ ದೊಡ್ಡ ಗಾತ್ರದ ಸಾಕುನಾಯಿಗಳನ್ನು ಬೇಸಿಗೆಯ ಬಿಸಿಲು, ಸೆಕೆ ಹಾಗೂ ಚಳಿಗಾಲದ ಶೀತದಿಂದ ಕಾಪಾಡುವ ಆರೈಕೆಯ ಕ್ರಮಗಳು. ದೇಹದ ಗಾತ್ರ ಹೆಚ್ಚಿದಂತೆ ಶಾಖವನ್ನು ಹೊರಹಾಕುವುದು ಕಷ್ಟವಾಗುವುದರಿಂದ ಈ ತಳಿಗಳಿಗೆ ಚಳಿಗಿಂತ ಬಿಸಿಯೇ ಸಾಮಾನ್ಯವಾಗಿ ಹೆಚ್ಚು ಅಪಾಯಕಾರಿ. ಆದರೆ ಗಿಡ್ಡ ಕೂದಲಿನ ದೈತ್ಯ ತಳಿಗಳು, ಮರಿಗಳು ಮತ್ತು ಮುದಿನಾಯಿಗಳು ಚಳಿಯಿಂದಲೂ ತೊಂದರೆಗೆ ಒಳಗಾಗುತ್ತವೆ.

ದೈತ್ಯ ತಳಿಗಳು

ವಯಸ್ಕ ದೇಹತೂಕ ಸುಮಾರು 45 ಕಿಲೋಗ್ರಾಂ ಮೀರುವ ತಳಿಗಳನ್ನು ಸಾಮಾನ್ಯವಾಗಿ ದೈತ್ಯ ತಳಿಗಳೆಂದು ಕರೆಯಲಾಗುತ್ತದೆ. ಗಂಡು ಗ್ರೇಟ್ ಡೇನ್ ಮತ್ತು ಗಂಡು ಸೇಂಟ್ ಬರ್ನಾರ್ಡ್‌ಗಳು 65ರಿಂದ 80 ಕಿಲೋಗ್ರಾಂವರೆಗೆ ತೂಗುತ್ತವೆ. ಗಂಡು ಇಂಗ್ಲಿಷ್ ಮ್ಯಾಸ್ಟಿಫ್ 100 ಕಿಲೋಗ್ರಾಂ ತಲುಪುವುದೂ ಉಂಟು. ಐರಿಷ್ ವುಲ್ಫ್‌ಹೌಂಡ್, ಟಿಬೆಟನ್ ಮ್ಯಾಸ್ಟಿಫ್, ಗ್ರೇಟ್ ಪೈರನೀಸ್ ಮತ್ತು ಡೋಗ್ ದ ಬೋರ್ಡೊ ಈ ಗುಂಪಿನ ಇತರ ಪರಿಚಿತ ತಳಿಗಳು.

ಹವಾಮಾನವನ್ನು ತಾಳುವ ಶಕ್ತಿಯ ದೃಷ್ಟಿಯಿಂದ ಇವುಗಳನ್ನು ಎರಡು ಬಗೆಯಾಗಿ ನೋಡಬಹುದು. ಸೇಂಟ್ ಬರ್ನಾರ್ಡ್, ನ್ಯೂಫೌಂಡ್‌ಲ್ಯಾಂಡ್, ಟಿಬೆಟನ್ ಮ್ಯಾಸ್ಟಿಫ್ ಮತ್ತು ಗ್ರೇಟ್ ಪೈರನೀಸ್ ಶೀತಪ್ರದೇಶಗಳಲ್ಲಿ ರೂಪುಗೊಂಡ ತಳಿಗಳು. ಇವುಗಳಿಗೆ ದಟ್ಟವಾದ ಮೃದು ಒಳತುಪ್ಪಳವೂ ಅದರ ಮೇಲೆ ಒರಟಾದ ಹೊರಗೂದಲೂ ಇರುವ ಎರಡು ಪದರದ ಹೊದಿಕೆ ಇರುತ್ತದೆ. ಜರ್ಮನಿಯಲ್ಲಿ ಕಾಡುಹಂದಿ ಬೇಟೆಗೆ ಬಳಸುತ್ತಿದ್ದ ನಾಯಿಗಳಿಂದ ಬೆಳೆದುಬಂದ ಗ್ರೇಟ್ ಡೇನ್‌ಗೆ ತೆಳ್ಳಗಿನ ಗಿಡ್ಡ ಕೂದಲು ಮಾತ್ರ ಇದ್ದು, ಒಳತುಪ್ಪಳವಿರುವುದಿಲ್ಲ. ಹೀಗಾಗಿ ಗ್ರೇಟ್ ಡೇನ್ ತನ್ನ ಗಾತ್ರದ ಕಾರಣ ಬಿಸಿಯನ್ನೂ, ಕೂದಲಿನ ಕೊರತೆಯ ಕಾರಣ ಚಳಿಯನ್ನೂ ಸುಲಭವಾಗಿ ತಾಳದು.

ದೇಹದ ಉಷ್ಣ ನಿಯಂತ್ರಣ

ಆರೋಗ್ಯವಂತ ನಾಯಿಯ ದೇಹದ ಉಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮನುಷ್ಯರು ಮೈಯೆಲ್ಲ ಬೆವರಿ ತಂಪಾಗುತ್ತಾರೆ. ನಾಯಿಗಳಲ್ಲಿ ಈ ಬಗೆಯ ಬೆವರು ಬರುವುದು ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ ಮಾತ್ರ. ದೇಹ ತಂಪಾಗಲು ಅದು ಸಾಲುವುದಿಲ್ಲ. ಆದ್ದರಿಂದ ನಾಯಿ ನಾಲಿಗೆ ಹೊರಚಾಚಿ ವೇಗವಾಗಿ ತೇಕುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 10ರಿಂದ 30 ಬಾರಿ ಉಸಿರಾಡುವ ನಾಯಿ, ತೇಕುವಾಗ 300ಕ್ಕೂ ಹೆಚ್ಚು ಬಾರಿ ಉಸಿರಾಡಬಲ್ಲದು. ಆಗ ನಾಲಿಗೆ, ಬಾಯಿ ಮತ್ತು ಮೂಗಿನ ಒಳಪದರದ ತೇವ ಆವಿಯಾಗಿ, ಅಲ್ಲಿ ಹರಿಯುವ ರಕ್ತ ತಂಪಾಗುತ್ತದೆ. ಇದಲ್ಲದೆ ನಾಯಿಗಳು ತಂಪಾದ ನೆಲದ ಮೇಲೆ ಹೊಟ್ಟೆ ಒತ್ತಿ ಮಲಗಿಯೂ, ಗಾಳಿಗೆ ಮೈಯೊಡ್ಡಿಯೂ ಶಾಖವನ್ನು ಬಿಟ್ಟುಕೊಡುತ್ತವೆ.

ಈ ವ್ಯವಸ್ಥೆಗೆ ಎರಡು ಮಿತಿಗಳಿವೆ. ಮೊದಲನೆಯದು ಗಾಳಿಯ ತೇವಾಂಶ. ಗಾಳಿಯಲ್ಲಿ ನೀರಾವಿ ತುಂಬಿದ್ದರೆ ಬಾಯಿಯ ತೇವ ಸುಲಭವಾಗಿ ಆವಿಯಾಗುವುದಿಲ್ಲ. ತೇಕುವುದು ನಡೆದೇ ಇದ್ದರೂ ದೇಹ ತಂಪಾಗುವುದಿಲ್ಲ. ಬದಲಿಗೆ ಉಸಿರಾಟದ ಸ್ನಾಯುಗಳ ದುಡಿಮೆಯಿಂದ ಇನ್ನಷ್ಟು ಶಾಖ ಹುಟ್ಟುತ್ತದೆ.

ಎರಡನೆಯದು ಗಾತ್ರ. ಒಂದು ದೇಹದ ಉದ್ದ, ಅಗಲ ಮತ್ತು ಎತ್ತರ ಇಮ್ಮಡಿಯಾದರೆ ಅದರ ಮೇಲ್ಮೈ ನಾಲ್ಕು ಪಟ್ಟು ಹೆಚ್ಚುತ್ತದೆ, ಘನಗಾತ್ರ ಎಂಟು ಪಟ್ಟು ಹೆಚ್ಚುತ್ತದೆ. ಶಾಖ ಹುಟ್ಟುವುದು ದೇಹದ ಒಳಗೆ, ಹೊರಹೋಗುವುದು ಮೇಲ್ಮೈಯಿಂದ. ಆದ್ದರಿಂದ ದೊಡ್ಡ ದೇಹ ಶಾಖವನ್ನು ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುತ್ತದೆ. ಶೀತಪ್ರದೇಶದ ಪ್ರಾಣಿಗಳು ಅವುಗಳ ಹತ್ತಿರದ ಸಂಬಂಧಿಗಳಿಗಿಂತ ದೊಡ್ಡದಾಗಿರುವ ಪ್ರವೃತ್ತಿಯನ್ನು ಜರ್ಮನಿಯ ಜೀವವಿಜ್ಞಾನಿ ಕಾರ್ಲ್ ಬರ್ಗ್‌ಮನ್ 1847ರಲ್ಲಿ ಇದೇ ತರ್ಕದಿಂದ ವಿವರಿಸಿದನು. ಹಿಮದಲ್ಲಿ ವರವಾಗುವ ಈ ಗುಣವೇ ಬೇಸಿಗೆಯಲ್ಲಿ ಹೊರೆಯಾಗುತ್ತದೆ.

ಬಿಸಿಯಿಂದಾಗುವ ಅಪಾಯದ ಪ್ರಮಾಣ

ಬ್ರಿಟನ್ನಿನ ಪಶುವೈದ್ಯಕೀಯ ಚಿಕಿತ್ಸಾಲಯಗಳಲ್ಲಿ 2016ರಲ್ಲಿ ದಾಖಲಾದ 9 ಲಕ್ಷಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅದರಂತೆ 10 ಕಿಲೋಗ್ರಾಂಗಿಂತ ಕಡಿಮೆ ತೂಕದ ನಾಯಿಗಳಿಗೆ ಹೋಲಿಸಿದರೆ, 50 ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಕದ ನಾಯಿಗಳಲ್ಲಿ ಶಾಖಸಂಬಂಧಿ ಅನಾರೋಗ್ಯದ ಸಂಭವ ಮೂರು ಪಟ್ಟಿಗೂ ಹೆಚ್ಚಾಗಿತ್ತು. ಹೀಗೆ ಅಸ್ವಸ್ಥವಾದ ನಾಯಿಗಳಲ್ಲಿ ಸುಮಾರು ಶೇಕಡಾ 14ರಷ್ಟು ಸತ್ತವು. ಇದೇ ಸಂಶೋಧಕರ ಮುಂದಿನ ವಿಶ್ಲೇಷಣೆಯಲ್ಲಿ, ಕಾರಣ ತಿಳಿದಿದ್ದ ಪ್ರಕರಣಗಳ ಪೈಕಿ ಸುಮಾರು ನಾಲ್ಕರಲ್ಲಿ ಮೂರು ಭಾಗ ನಡಿಗೆ, ಓಟ ಅಥವಾ ಆಟದಿಂದ ಉಂಟಾದವು ಎಂದು ಕಂಡುಬಂದಿತು. ನಿಲ್ಲಿಸಿದ ಕಾರಿನೊಳಗೆ ಸಿಲುಕಿದ ಪ್ರಕರಣಗಳು ಅದಕ್ಕಿಂತ ಬಹಳ ಕಡಿಮೆ ಇದ್ದವು. ಮಿತವಾದ ಬೇಸಿಗೆಯ ದೇಶದಲ್ಲಿಯೂ ದಿನನಿತ್ಯದ ನಡಿಗೆಯೇ ಅಪಾಯಕ್ಕೆ ಮುಖ್ಯ ಕಾರಣವಾಗಬಲ್ಲದೆಂಬುದನ್ನು ಇದು ತೋರಿಸುತ್ತದೆ.

ಗಾತ್ರದ ಜೊತೆಗೆ ಬೇರೆ ಅಂಶಗಳೂ ಅಪಾಯವನ್ನು ಹೆಚ್ಚಿಸುತ್ತವೆ. ಬೊಜ್ಜಿನ ಪದರ ಶಾಖವನ್ನು ಒಳಗೇ ತಡೆಹಿಡಿಯುತ್ತದೆ. ಡೋಗ್ ದ ಬೋರ್ಡೊ ತಳಿಯ ಗಿಡ್ಡ ಮೂತಿಯಿಂದಾಗಿ ತೇಕುವಿಕೆಯ ಫಲ ಕುಗ್ಗುತ್ತದೆ. ವಯಸ್ಸಾದ ದೊಡ್ಡ ನಾಯಿಗಳಲ್ಲಿ ಕಾಣಿಸಿಕೊಳ್ಳುವ ಧ್ವನಿಪೆಟ್ಟಿಗೆಯ ಪಾರ್ಶ್ವವಾಯು ಉಸಿರಿನ ದಾರಿಯನ್ನು ಕಿರಿದಾಗಿಸುತ್ತದೆ. ಗ್ರೇಟ್ ಡೇನ್, ಐರಿಷ್ ವುಲ್ಫ್‌ಹೌಂಡ್ ಮತ್ತು ನ್ಯೂಫೌಂಡ್‌ಲ್ಯಾಂಡ್ ತಳಿಗಳಲ್ಲಿ ಹೃದಯಸ್ನಾಯು ದುರ್ಬಲವಾಗುವ ರೋಗ ಕಂಡುಬರುತ್ತದೆ. ಹೃದಯ ದುರ್ಬಲವಾದಾಗ ಚರ್ಮದ ಕಡೆಗೆ ರಕ್ತ ಹರಿಸಿ ದೇಹವನ್ನು ತಂಪಾಗಿಸುವ ಶಕ್ತಿಯೂ ಕುಂದುತ್ತದೆ.

ಬೇಸಿಗೆಯ ಆರೈಕೆ

ನೆರಳು, ನೆಲ ಮತ್ತು ಗಾಳಿ

ದಿನವಿಡೀ ಇರುವ ನೆರಳು, ತಂಪಾದ ನೆಲ ಮತ್ತು ಗಾಳಿಯ ಚಲನೆ ಬೇಸಿಗೆಯ ಮೂಲ ಅಗತ್ಯಗಳು. ಬೆಳಗ್ಗೆ ನೆರಳಿದ್ದ ಜಾಗ ಮಧ್ಯಾಹ್ನ ಬಿಸಿಲಿಗೆ ಬೀಳಬಹುದಾದ ಕಾರಣ, ಕಟ್ಟಿಹಾಕಿದ ನಾಯಿ ಹೆಚ್ಚು ಅಪಾಯದಲ್ಲಿರುತ್ತದೆ. ತಗಡಿನ ಚಾವಣಿಯ ಗೂಡು ಬಿಸಿಲಿನಲ್ಲಿ ಒಲೆಯಂತಾಗುವುದರಿಂದ ಅದು ಆಶ್ರಯವೆನಿಸುವುದಿಲ್ಲ. ಮನೆಯೊಳಗಿನ ಕಲ್ಲು ಹಾಸಿನ ನೆಲ, ಮರದಡಿಯ ತೇವದ ಮಣ್ಣು ಹೆಚ್ಚು ಸೂಕ್ತ. ಗಾಳಿ ಆಡುವಂತೆ ನೆಲದಿಂದ ಎತ್ತರಿಸಿದ ನವಾರದ ಮಂಚವೂ ಉಪಯುಕ್ತ.

ಫ್ಯಾನ್ ಗಾಳಿಯಿಂದ ನಾಯಿಗೆ ಮನುಷ್ಯರಿಗಾಗುವಷ್ಟು ಹಿತವಾಗದು, ಏಕೆಂದರೆ ಒಣಗಿಸಲು ಮೈಮೇಲೆ ಬೆವರಿರುವುದಿಲ್ಲ. ಹೊಟ್ಟೆ, ತೊಡೆಯ ಸಂದು ಮತ್ತು ಕಾಲುಗಳನ್ನು ನೀರಿನಿಂದ ತೋಯಿಸಿದ ಬಳಿಕ ಅದೇ ಗಾಳಿ ಪರಿಣಾಮಕಾರಿಯಾಗುತ್ತದೆ. ಮಕ್ಕಳ ಪ್ಲಾಸ್ಟಿಕ್ ಈಜುತೊಟ್ಟಿಯಲ್ಲಿ ಗೇಣುದ್ದ ನೀರು ತುಂಬಿಸಿಟ್ಟರೆ ನೀರನ್ನು ಇಷ್ಟಪಡುವ ನ್ಯೂಫೌಂಡ್‌ಲ್ಯಾಂಡ್‌ನಂತಹ ನಾಯಿಗಳು ತಾವಾಗಿಯೇ ಅದರಲ್ಲಿ ಮಲಗುತ್ತವೆ.

ನೀರು ಮತ್ತು ಆಹಾರ

ನಾಯಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು. 60 ಕಿಲೋಗ್ರಾಂ ತೂಕದ ನಾಯಿಗೆ ಇದು 3ರಿಂದ 3.6 ಲೀಟರ್ ಆಗುತ್ತದೆ. ಸೆಕೆಯ ದಿನಗಳಲ್ಲಿ ಅಗತ್ಯ ಇದಕ್ಕಿಂತ ಹೆಚ್ಚು. ತೇಕುವಾಗ ಆವಿಯಾಗಿ ಹೋಗುವ ನೀರಿನ ಜೊತೆಗೆ ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್‌ಗಳಲ್ಲಿ ಜೊಲ್ಲಿನ ರೂಪದಲ್ಲಿಯೂ ನೀರು ನಷ್ಟವಾಗುತ್ತದೆ. ಸುಲಭವಾಗಿ ಮಗುಚದ ಎರಡು ಮೂರು ಪಾತ್ರೆಗಳನ್ನು ಬೇರೆ ಬೇರೆ ಕಡೆ ಇಟ್ಟು, ನೀರನ್ನು ಪದೇ ಪದೇ ಬದಲಿಸಬೇಕಾಗುತ್ತದೆ. ಆಹಾರ ಜೀರ್ಣವಾಗುವಾಗಲೂ ಶಾಖ ಹುಟ್ಟುವುದರಿಂದ ಊಟವನ್ನು ಮುಂಜಾನೆ ಮತ್ತು ರಾತ್ರಿಯ ತಂಪು ಹೊತ್ತಿಗೆ ಹಂಚಿ ಕೊಡುವುದು ರೂಢಿ.

ನಡಿಗೆ

ಬೇಸಿಗೆಯಲ್ಲಿ ನಡಿಗೆಗೆ ಸೂರ್ಯೋದಯದ ಆಸುಪಾಸಿನ ಹೊತ್ತು ಎಲ್ಲಕ್ಕಿಂತ ಸೂಕ್ತ. ಸಂಜೆ ಗಾಳಿ ತಂಪಾದರೂ ಡಾಂಬರು ರಸ್ತೆ ಮತ್ತು ಸಿಮೆಂಟ್ ನೆಲ ಹಗಲಿನ ಶಾಖವನ್ನು ಬಹಳ ಹೊತ್ತು ಉಳಿಸಿಕೊಂಡಿರುತ್ತವೆ. ಅಂಗೈಯ ಹಿಂಭಾಗವನ್ನು ಐದಾರು ಸೆಕೆಂಡು ಇಡಲಾಗದಷ್ಟು ನೆಲ ಬಿಸಿಯಿದ್ದರೆ ನಾಯಿಯ ಪಾದದ ಮೆತ್ತೆಗಳು ಸುಡುತ್ತವೆ. ನಡಿಗೆ ನಿಲ್ಲಿಸಿದ ಮೇಲೂ ಕೆಲವು ನಿಮಿಷ ದೇಹದ ಒಳಗಿನ ಉಷ್ಣತೆ ಏರುತ್ತಲೇ ಇರುವುದರಿಂದ, ನಾಯಿ ದಣಿಯುವ ಮೊದಲೇ ನಿಲ್ಲಿಸುವುದು ಕ್ಷೇಮ. ತಂಪು ಪ್ರದೇಶದಿಂದ ಬಿಸಿ ಪ್ರದೇಶಕ್ಕೆ ಬಂದ ನಾಯಿಗೆ ಒಗ್ಗಿಕೊಳ್ಳಲು ಕೆಲವು ವಾರಗಳು ಬೇಕಾಗುತ್ತವೆ. ಬೇಸಿಗೆಯ ಮೊದಲ ಬಿಸಿ ದಿನಗಳಲ್ಲಿ ಎಚ್ಚರ ಹೆಚ್ಚು ಬೇಕಾಗುವುದೂ ಇದೇ ಕಾರಣಕ್ಕೆ.

ನಿಲ್ಲಿಸಿದ ವಾಹನ

2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಈ ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ನಡೆಯುತ್ತದೆ. ಕಿಟಕಿಗಳನ್ನು ಸ್ವಲ್ಪ ತೆರೆದಿಡುವುದರಿಂದ ಗಣನೀಯ ವ್ಯತ್ಯಾಸವಾಗುವುದಿಲ್ಲ. ದೈತ್ಯ ನಾಯಿಯ ಉಸಿರಿನ ತೇವ ಮುಚ್ಚಿದ ಕಾರಿನ ಗಾಳಿಯನ್ನು ಬೇಗನೆ ತುಂಬುವುದರಿಂದ ತೇಕುವಿಕೆಯೂ ಸಹಾಯಕ್ಕೆ ಬರುವುದಿಲ್ಲ.

ಕೂದಲಿನ ಆರೈಕೆ

ಎರಡು ಪದರದ ತುಪ್ಪಳವುಳ್ಳ ನಾಯಿಯ ಕೂದಲನ್ನು ಬೇಸಿಗೆಯಲ್ಲಿ ಪೂರ್ತಿ ಬೋಳಿಸಿದರೆ ಹಿತವಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಹೊರಗೂದಲು ಬಿಸಿಲಿನ ನೇರ ತಾಪವನ್ನು ತಡೆಯುವ ಪದರವೂ ಆಗಿರುವುದರಿಂದ, ಬೋಳಿಸಿದ ಚರ್ಮ ಬಿಸಿಲಿಗೆ ಸುಡುವ ಸಾಧ್ಯತೆ ಇದೆ. ಕೂದಲು ಮತ್ತೆ ಬೆಳೆಯುವಾಗ ಅಸಮವಾಗುವುದೂ ಉಂಟು. ಇದರ ಬದಲು, ಉದುರುವ ಕಾಲದಲ್ಲಿ ಸಡಿಲವಾದ ಒಳತುಪ್ಪಳವನ್ನು ದಿನವೂ ಬಾಚಿ ತೆಗೆಯುವುದು ಹೆಚ್ಚು ಪ್ರಯೋಜನಕಾರಿ. ಜಡೆಗಟ್ಟಿದ ಕೂದಲು ಚರ್ಮಕ್ಕೆ ಗಾಳಿ ತಾಗದಂತೆ ಮಾಡುತ್ತದೆ. ಹೊಟ್ಟೆಯ ಭಾಗದ ಕೂದಲನ್ನು ಮಾತ್ರ ಕತ್ತರಿಸುವ ಪದ್ಧತಿಯೂ ಇದೆ.

ಶಾಖಾಘಾತ

ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್ ಮೀರಿ, ಮಿದುಳು ಮತ್ತಿತರ ಅಂಗಗಳ ಕೆಲಸ ಏರುಪೇರಾಗುವ ಸ್ಥಿತಿಯನ್ನು ಶಾಖಾಘಾತ ಎನ್ನಲಾಗುತ್ತದೆ. ಇದರ ಲಕ್ಷಣಗಳು ಸಾಮಾನ್ಯವಾಗಿ ಈ ಕ್ರಮದಲ್ಲಿ ತೀವ್ರವಾಗುತ್ತವೆ:

- ನೆರಳಿಗೆ ಬಂದು ವಿಶ್ರಮಿಸಿದರೂ ನಿಲ್ಲದ ತೇಕುವಿಕೆ, ಅಂಟಂಟಾದ ಜೊಲ್ಲು, ಗಾಢ ಕೆಂಪು ಬಣ್ಣದ ವಸಡು
- ನಡೆಯಲು ನಿರಾಕರಣೆ, ತೂರಾಟ, ಕರೆದರೆ ಸ್ಪಂದಿಸದಿರುವುದು
- ವಾಂತಿ, ಕೆಲವೊಮ್ಮೆ ರಕ್ತಮಿಶ್ರಿತ ಭೇದಿ
- ಕುಸಿದು ಬೀಳುವುದು, ಸೆಳೆತ, ಪ್ರಜ್ಞೆ ತಪ್ಪುವುದು

ಚಿಕಿತ್ಸೆಯಲ್ಲಿ "ಮೊದಲು ತಂಪು, ನಂತರ ಸಾಗಣೆ" ಎಂಬುದು ಈಗಿನ ತತ್ವ. ನಾಯಿಯನ್ನು ನೆರಳಿಗೆ ತಂದು, ಕೈಗೆ ಸಿಗುವ ಯಾವುದೇ ನೀರು ನಾಯಿಯ ದೇಹಕ್ಕಿಂತ ತಣ್ಣಗಿದ್ದರೆ ಅದನ್ನು ಧಾರಾಳವಾಗಿ ಮೈಮೇಲೆ ಸುರಿಯುತ್ತ ಗಾಳಿ ಬೀಸಬೇಕು. ಮೂಗು ಬಾಯಿಗೆ ನೀರು ನುಗ್ಗದಂತೆ ನೋಡಿಕೊಳ್ಳಬೇಕು. ತಣ್ಣೀರು ಅಪಾಯಕಾರಿ ಎಂಬ ಹಳೆಯ ಸಲಹೆಯನ್ನು ಈಗ ಕೈಬಿಡಲಾಗಿದೆ. ಒದ್ದೆ ಟವೆಲ್ಲನ್ನು ಮೈಮೇಲೆ ಹೊದಿಸಿ ಬಿಡುವುದು ಸೂಕ್ತವಲ್ಲ. ಅದು ಬೇಗ ಬಿಸಿಯಾಗಿ ಶಾಖ ಹೊರಹೋಗುವುದನ್ನು ತಡೆಯುತ್ತದೆ. ಪ್ರಜ್ಞೆ ಇಲ್ಲದ ನಾಯಿಗೆ ನೀರು ಕುಡಿಸಬಾರದು. ಮನುಷ್ಯರ ಜ್ವರದ ಮಾತ್ರೆಗಳಿಂದ ಪ್ರಯೋಜನವಿಲ್ಲ, ಹಾನಿಯಾಗಬಹುದು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ ಉಷ್ಣತೆ ಸುಮಾರು 39.5 ಡಿಗ್ರಿಗೆ ಇಳಿದರೆ, ದೇಹ ಅತಿಯಾಗಿ ತಣ್ಣಗಾಗದಂತೆ ನೀರು ಸುರಿಯುವುದನ್ನು ನಿಲ್ಲಿಸಲಾಗುತ್ತದೆ.

ದೈತ್ಯ ತಳಿಗಳಲ್ಲಿ ಸಾಗಣೆಯೇ ಒಂದು ಸಮಸ್ಯೆ. ಕುಸಿದುಬಿದ್ದ 70 ಕಿಲೋಗ್ರಾಂ ತೂಕದ ನಾಯಿಯನ್ನು ಒಬ್ಬರೇ ಎತ್ತಲಾಗುವುದಿಲ್ಲ. ಗಟ್ಟಿ ಕಂಬಳಿ ಅಥವಾ ಜಮಖಾನವನ್ನು ಡೋಲಿಯಂತೆ ಬಳಸಿ ಇಬ್ಬರು ಮೂವರು ಸೇರಿ ಹೊರಬೇಕಾಗುತ್ತದೆ. ನಾಯಿ ಹಿಡಿಸುವಂತಹ ವಾಹನ ಮತ್ತು ತುರ್ತು ಚಿಕಿತ್ಸೆ ದೊರೆಯುವ ಪಶುವೈದ್ಯಾಲಯವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಆರೈಕೆಯ ಭಾಗವೆಂದೇ ಪರಿಗಣಿತವಾಗಿದೆ. ನಾಯಿ ಚೇತರಿಸಿಕೊಂಡಂತೆ ಕಂಡರೂ ತಪಾಸಣೆ ಅಗತ್ಯ. ಮೂತ್ರಪಿಂಡದ ವೈಫಲ್ಯ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ದೋಷಗಳು ಒಂದೆರಡು ದಿನಗಳ ಬಳಿಕ ಕಾಣಿಸಿಕೊಳ್ಳಬಹುದು.

ಹೊಟ್ಟೆ ತಿರುಚಿಕೆಯೊಂದಿಗೆ ಗೊಂದಲ

ಆಳವಾದ ಎದೆಯುಳ್ಳ ದೊಡ್ಡ ತಳಿಗಳಲ್ಲಿ, ಮುಖ್ಯವಾಗಿ ಗ್ರೇಟ್ ಡೇನ್‌ನಲ್ಲಿ, ಜಠರ ಗಾಳಿ ತುಂಬಿ ಉಬ್ಬಿ ತಿರುಚಿಕೊಳ್ಳುವ ಮಾರಣಾಂತಿಕ ಸ್ಥಿತಿ ಉಂಟಾಗುತ್ತದೆ. ಚಡಪಡಿಕೆ, ತೇಕುವಿಕೆ ಮತ್ತು ಜೊಲ್ಲು ಇದರಲ್ಲಿಯೂ ಇರುವುದರಿಂದ ಬೇಸಿಗೆಯಲ್ಲಿ ಇದನ್ನು ಸೆಕೆಯ ಪರಿಣಾಮವೆಂದು ತಪ್ಪಾಗಿ ಭಾವಿಸುವ ಸಾಧ್ಯತೆ ಇದೆ. ಓಕರಿಸಿದರೂ ವಾಂತಿಯಾಗದಿರುವುದು ಮತ್ತು ಹೊಟ್ಟೆ ಬಿಗಿದು ಉಬ್ಬುವುದು ಇದರ ಮುಖ್ಯ ಗುರುತುಗಳು. ಇದಕ್ಕೆ ತಡವಿಲ್ಲದೆ ಶಸ್ತ್ರಚಿಕಿತ್ಸೆ ಬೇಕು.

ಚಳಿಗಾಲದ ಆರೈಕೆ

ಎರಡು ಪದರದ ತುಪ್ಪಳವಿರುವ, ಆರೋಗ್ಯವಂತ ವಯಸ್ಕ ದೈತ್ಯ ನಾಯಿ ಹಿಮದಲ್ಲಿಯೂ ನೆಮ್ಮದಿಯಾಗಿರಬಲ್ಲದು. ಆದರೆ ತುಪ್ಪಳ ಒದ್ದೆಯಾದರೆ ಅಥವಾ ಜಡೆಗಟ್ಟಿದರೆ ಅದರ ರಕ್ಷಣೆ ಕುಗ್ಗುತ್ತದೆ. ಇದಕ್ಕೆ ಪ್ರಸಿದ್ಧ ಉದಾಹರಣೆ ಸೇಂಟ್ ಬರ್ನಾರ್ಡ್ ತಳಿಯ ಇತಿಹಾಸದಲ್ಲಿದೆ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿ 2469 ಮೀಟರ್ ಎತ್ತರದಲ್ಲಿರುವ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಧರ್ಮಛತ್ರದಲ್ಲಿ, ಹಿಮದಲ್ಲಿ ಸಿಲುಕಿದ ಪ್ರಯಾಣಿಕರನ್ನು ಹುಡುಕಲು ಈ ನಾಯಿಗಳನ್ನು ಸಾಕಲಾಗುತ್ತಿತ್ತು. ಅಲ್ಲಿನ ಮೂಲ ನಾಯಿಗಳು ಗಿಡ್ಡ ಕೂದಲಿನವು. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಫೌಂಡ್‌ಲ್ಯಾಂಡ್ ತಳಿಯೊಂದಿಗೆ ಬೆರೆಸಿದಾಗ ಉದ್ದ ಕೂದಲಿನ ಮರಿಗಳೂ ಹುಟ್ಟಿದವು. ಉದ್ದ ಕೂದಲಿಗೆ ಹಿಮ ಅಂಟಿ ಗಡ್ಡೆಕಟ್ಟುತ್ತಿದ್ದುದರಿಂದ ಅವು ಪರ್ವತದ ಕೆಲಸಕ್ಕೆ ಒದಗಲಿಲ್ಲ. ಹೆಚ್ಚು ಕೂದಲಿದ್ದರೆ ಹೆಚ್ಚು ರಕ್ಷಣೆ ಎಂಬ ಎಣಿಕೆ ಯಾವಾಗಲೂ ನಿಜವಲ್ಲವೆಂಬುದಕ್ಕೆ ಇದು ನಿದರ್ಶನ.

ಗ್ರೇಟ್ ಡೇನ್, ಮ್ಯಾಸ್ಟಿಫ್‌ಗಳಂತಹ ಗಿಡ್ಡ ಕೂದಲಿನ ತಳಿಗಳು ಚಳಿಗಾಲದಲ್ಲಿ ಮನೆಯೊಳಗೇ ಮಲಗಬೇಕು. ಎದೆ ಮತ್ತು ಹೊಟ್ಟೆಯನ್ನು ಮುಚ್ಚುವ ಬಟ್ಟೆ ಹೊರಗಿನ ನಡಿಗೆಗೆ ಅನುಕೂಲ. ನಡುಕ, ಬೆನ್ನು ಬಾಗಿಸಿ ನಿಲ್ಲುವುದು, ಕಾಲನ್ನು ಮೇಲೆತ್ತುವುದು, ಮನೆಯ ಕಡೆಗೆ ಎಳೆಯುವುದು ಚಳಿ ತಾಗಿರುವುದರ ಸೂಚನೆಗಳು. ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಸ್ಥಿತಿಯನ್ನು ಹೈಪೋಥರ್ಮಿಯ ಎನ್ನುತ್ತಾರೆ. ಅದು ತೀವ್ರವಾದಾಗ ನಡುಕವೇ ನಿಂತುಹೋಗುತ್ತದೆ. ಇದನ್ನು ಚೇತರಿಕೆಯೆಂದು ತಿಳಿಯಬಾರದು. ಹಿಮ ಬೀಳುವ ದೇಶಗಳಲ್ಲಿ ಕಿವಿಯ ತುದಿ, ಬಾಲದ ತುದಿ ಮತ್ತು ಕಾಲ್ಬೆರಳುಗಳಿಗೆ ಹಿಮಗಾಯವಾಗುವುದುಂಟು. ಬೆರಳುಗಳ ನಡುವೆ ಕಟ್ಟುವ ಹಿಮದ ಉಂಡೆಗಳನ್ನೂ, ರಸ್ತೆಗೆ ಎರಚಿದ ಉಪ್ಪನ್ನೂ ನಡಿಗೆಯ ಬಳಿಕ ಉಗುರುಬೆಚ್ಚಗಿನ ನೀರಿನಿಂದ ತೊಳೆಯಬೇಕು. ವಾಹನಗಳ ರೇಡಿಯೇಟರ್‌ಗೆ ಹಾಕುವ, ಎಥಿಲೀನ್ ಗ್ಲೈಕಾಲ್ ಇರುವ ದ್ರವ ಸಿಹಿಯಾಗಿದ್ದು, ನಾಯಿಗಳಿಗೆ ಮಾರಕ ವಿಷ.

ಹಾಸಿಗೆಯ ಮಹತ್ವ ದೈತ್ಯ ತಳಿಗಳಲ್ಲಿ ಹೆಚ್ಚು. ಭಾರವಾದ ದೇಹ ತಣ್ಣನೆಯ ಗಟ್ಟಿ ನೆಲದ ಮೇಲೆ ಒರಗಿದಾಗ ಶಾಖ ನಷ್ಟವಾಗುವುದಲ್ಲದೆ, ಮೊಣಕೈಗಳಲ್ಲಿ ಜಡ್ಡುಗಟ್ಟುವುದು, ನೀರು ತುಂಬಿದ ಊತ ಬರುವುದು ಸಾಮಾನ್ಯ. ಸಂಧಿವಾತವಿರುವ ಮುದಿನಾಯಿಗೆ ದಪ್ಪ ಫೋಮ್ ಹಾಸಿಗೆ, ಅದರ ಮೇಲೆ ಕಂಬಳಿ ಹಿತಕರ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದರಿಂದ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿ ನಾಯಿಗೂ ಮನುಷ್ಯರಿಗೂ ಪ್ರಾಣಾಪಾಯವಾಗಬಹುದು. ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದ ನಾಯಿಗಳು ಸದಾ ಬೆಚ್ಚಗಿನ ಜಾಗ ಹುಡುಕುತ್ತವೆ. ಅಂತಹ ವರ್ತನೆ ಹೊಸದಾಗಿ ಕಂಡುಬಂದರೆ ಅದನ್ನು ಕೇವಲ ಚಳಿಯೆಂದು ಬಿಡದೆ ಪರೀಕ್ಷಿಸಲಾಗುತ್ತದೆ.

ಕರ್ನಾಟಕದ ಹವಾಮಾನದಲ್ಲಿ

ಕರ್ನಾಟಕದ ಸ್ವಂತ ತಳಿಯಾದ ಮುಧೋಳ ನಾಯಿ ದೈತ್ಯ ತಳಿಯಲ್ಲ. ಅದರ ಸಪೂರ ಮೈ ಮತ್ತು ಗಿಡ್ಡ ಕೂದಲು ಬಯಲುಸೀಮೆಯ ಬಿಸಿಲಿಗೆ ಒಗ್ಗುತ್ತವೆ. ಸೇಂಟ್ ಬರ್ನಾರ್ಡ್, ಗ್ರೇಟ್ ಡೇನ್, ಮ್ಯಾಸ್ಟಿಫ್‌ಗಳನ್ನು ಸಾಕುವವರೂ ರಾಜ್ಯದ ನಗರಗಳಲ್ಲಿದ್ದಾರೆ. ಅವರಿಗೆ ಪ್ರದೇಶವಾರು ಹವಾಮಾನದ ವ್ಯತ್ಯಾಸ ಮುಖ್ಯವಾಗುತ್ತದೆ.

ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಆದರೆ ಗಾಳಿ ಒಣಗಿರುತ್ತದೆ. ಅಲ್ಲಿ ನೀರು ಬಳಸುವ ಏರ್ ಕೂಲರ್ ಮತ್ತು ಒದ್ದೆ ಮಾಡಿ ಕಟ್ಟಿದ ಗೋಣಿತಾಟು ಚೆನ್ನಾಗಿ ಕೆಲಸ ಮಾಡುತ್ತವೆ. ಮಂಗಳೂರು, ಕಾರವಾರಗಳಲ್ಲಿ ಉಷ್ಣತೆ ಅಷ್ಟು ಏರದಿದ್ದರೂ ಗಾಳಿಯ ತೇವಾಂಶ ಹೆಚ್ಚು. ಅಲ್ಲಿ ಏರ್ ಕೂಲರ್ ತೇವವನ್ನೇ ಹೆಚ್ಚಿಸುವುದರಿಂದ ಏರ್ ಕಂಡೀಷನರ್ ಮತ್ತು ಗಾಳಿಯ ಚಲನೆಯನ್ನೇ ನೆಚ್ಚಬೇಕಾಗುತ್ತದೆ. ಹೀಗಾಗಿ ಥರ್ಮಾಮೀಟರ್ ಕಡಿಮೆ ಅಂಕಿ ತೋರಿಸಿದ ಮಾತ್ರಕ್ಕೆ ಕರಾವಳಿ ಸುರಕ್ಷಿತವೆನ್ನಲಾಗದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ರಾತ್ರಿಗಳು ತಂಪಾಗಿದ್ದರೂ ಮಾರ್ಚ್‌ನಿಂದ ಮೇವರೆಗಿನ ಮಧ್ಯಾಹ್ನಗಳು ದೈತ್ಯ ತಳಿಗಳಿಗೆ ಕಷ್ಟಕರ. ವಿದ್ಯುತ್ ಕಡಿತದ ಹೊತ್ತಿಗೆ ಪರ್ಯಾಯ ವ್ಯವಸ್ಥೆ ಇರಬೇಕಾಗುತ್ತದೆ.

ಮಲೆನಾಡು ಮತ್ತು ಕೊಡಗಿನಲ್ಲಿ ಚಳಿಗಿಂತ ಮಳೆಗಾಲದ ಶೀತವೇ ದೊಡ್ಡ ಸಮಸ್ಯೆ. ದಟ್ಟ ತುಪ್ಪಳ ದಿನಗಟ್ಟಲೆ ಒಣಗದೆ ಉಳಿದರೆ ಚರ್ಮದಲ್ಲಿ ರಸಿಕೆಯ ಹುಣ್ಣುಗಳು, ಜೋಲುಕಿವಿಗಳಲ್ಲಿ ಸೋಂಕು ಉಂಟಾಗುತ್ತವೆ. ಹೊರಗಿನಿಂದ ಬಂದ ಕೂಡಲೇ ಬುಡದವರೆಗೆ ಒರೆಸಿ ಒಣಗಿಸುವುದು, ಉಣ್ಣಿಗಳಿಗಾಗಿ ಮೈ ತಡವಿ ನೋಡುವುದು ನಿತ್ಯದ ಕೆಲಸವಾಗಬೇಕು.

ಕಾನೂನು

ಭಾರತದ ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ 11ನೆಯ ಪ್ರಕರಣದಂತೆ, ಸಾಕುಪ್ರಾಣಿಗೆ ಸಾಕಷ್ಟು ಆಹಾರ, ನೀರು ಅಥವಾ ಆಶ್ರಯ ಒದಗಿಸದಿರುವುದು ಅಪರಾಧ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಅನುಚಿತವಾಗಿ ದೀರ್ಘಕಾಲ ಕಟ್ಟಿಹಾಕುವುದೂ ಇದೇ ಪ್ರಕರಣದಡಿ ಬರುತ್ತದೆ. ನೆರಳಿಲ್ಲದ ತಾರಸಿ ಅಥವಾ ಅಂಗಳದಲ್ಲಿ ನಾಯಿಯನ್ನು ಕಟ್ಟಿಹಾಕಿ ಬಿಡುವವರಿಗೆ ಈ ಕಲಮುಗಳು ಅನ್ವಯವಾಗಬಲ್ಲವು.

ಇವನ್ನೂ ನೋಡಿ

- ಗ್ರೇಟ್ ಡೇನ್
- ಸೇಂಟ್ ಬರ್ನಾರ್ಡ್
- ಮುಧೋಳ ನಾಯಿ
- ಶಾಖಾಘಾತ